ಖಾಲಿ ಕಾಗದವನ್ನು ಆರೋಗ್ಯವೆಂದು ಓದಿದವರಿಗೆ

ಸರ್ಕಾರಿ ರೋಗಪತ್ತೆ ಪ್ರಯೋಗಾಲಯದ ಮಾನ್ಯ ನಿರ್ದೇಶಕರೇ,

ನಿಮ್ಮಲ್ಲಿ ಯಾರೋ ಎರಡು ತಂತಿಗಳನ್ನು ಅದಲುಬದಲು ಸಿಕ್ಕಿಸಿದ್ದರಿಂದ ನನ್ನ ತಂಗಿಯ ಮಗಳು ಒಂದು ಮೂತ್ರಪಿಂಡ ಕಳೆದುಕೊಂಡಿದ್ದಾಳೆ. 'ಪರೀಕ್ಷೆ ನಿಯಮಾನುಸಾರ ನಡೆದಿದೆ' ಎಂದು ನೀವು ಉತ್ತರಿಸಿದ್ದೀರಿ. ನಿಯಮ ನಿಮ್ಮ ಮಾತು ಕೇಳುತ್ತದೆ, ಒಪ್ಪಿದೆ. ವಿದ್ಯುತ್ತು ಕೇಳುತ್ತದೆಯೇ?

ನಾನು ರಸಾಯನಶಾಸ್ತ್ರದ ಶಿಕ್ಷಕಿ. ಪಾಠ ಮಾಡುವ ಚಾಳಿ ಬಿಡಲಾರೆ, ಸಹಿಸಿಕೊಳ್ಳಿ. ಒದ್ದೆ ಕಾಗದದ ಮೇಲೆ ಮೂತ್ರದ ಹನಿಯಿಟ್ಟು ವಿದ್ಯುತ್ ಹರಿಸಿದರೆ, ಅದರಲ್ಲಿರುವ ಅಮೈನೋ ಆಮ್ಲಗಳು ತಂತಮ್ಮ ವಿದ್ಯುದಂಶಕ್ಕೆ ತಕ್ಕ ದಾರಿ ಹಿಡಿಯುತ್ತವೆ. ಋಣ ಅಂಶದವು ಧನ ತುದಿಯತ್ತ, ಧನ ಅಂಶದವು ಋಣ ತುದಿಯತ್ತ ಸರಿಯುತ್ತವೆ; ಎರಡೂ ಸಮವಾಗಿರುವವು ಹೊರಟ ಗೆರೆಯ ಹತ್ತಿರವೇ ಕೂರುತ್ತವೆ. ಬಣ್ಣ ಸಿಂಪಡಿಸಿದಾಗ ನೇರಳೆ ಕಲೆಗಳಾಗಿ ಕಾಣುತ್ತವೆ. ಮಗುವಿನ ಮೂತ್ರಪಿಂಡದಲ್ಲಿ ಪದೇ ಪದೇ ಕಲ್ಲು ಕಟ್ಟುವ ಒಂದು ಕಾಯಿಲೆಯಲ್ಲಿ ಲೈಸೀನ್‌ನಂಥ ಧನ ಅಂಶದವು ಮೂತ್ರದಲ್ಲಿ ತುಂಬಿರುತ್ತವೆ. ಅವು ಓಡಲು ಜಾಗವಿರಲೆಂದು ಹನಿಯನ್ನು ಕಾಗದದ ಧನ ತುದಿಯ ಅಂಚಿಗೇ ಇಡುವುದು ನಿಮ್ಮಲ್ಲಿ ರೂಢಿ. ತಂತಿಗಳು ಅದಲುಬದಲಾದರೆ? ಅವು ಹಿಂದಕ್ಕೆ ಓಡಿ, ಅಂಚು ದಾಟಿ, ಕಾಗದದ ತುದಿ ಅದ್ದಿರುವ ತೊಟ್ಟಿಯ ದ್ರಾವಣಕ್ಕೆ ಬಿದ್ದು ಮಾಯವಾಗುತ್ತವೆ. ವರದಿಯಲ್ಲಿ 'ದೋಷವಿಲ್ಲ' ಎಂದು ಬರುತ್ತದೆ.

ನಾವು ಚೂಟಿ ಎಂದು ಕರೆಯುವ ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದಳು. ನಿಮ್ಮ ವರದಿ ನೋಡಿದ ವೈದ್ಯರು, "ಸ್ಕೂಲಿಗೆ ಚಕ್ಕರ್ ಹಾಕೋಕೆ ನಾಟಕ ಇದು, ತಲೆ ಕೆಡಿಸ್ಕೋಬೇಡಿ" ಎಂದರು. "ದೊಡ್ಡಮ್ಮಾ, ನೀನಾದ್ರೂ ಹೇಳು, ನಿಜವಾಗ್ಲೂ ನೋಯ್ತಿದೆ" ಎಂದು ಅವಳು ನನ್ನ ಕೈ ಹಿಡಿದು ಅತ್ತಳು. ಕಲ್ಲಿನಿಂದ ಮೂತ್ರದ ದಾರಿ ಕಟ್ಟಿ, ಒಳಗೆಲ್ಲ ಕೀವು ತುಂಬಿ, ಆ ಮೂತ್ರಪಿಂಡವನ್ನು ತೆಗೆದುಹಾಕಿದ ಮೇಲೆ ನಾಟಕಕ್ಕೆ ತೆರೆ ಬಿತ್ತು. ತೃಪ್ತಿಯಾಯಿತೇ?

ಹಟ ಹಿಡಿದು ಆ ಕಾಗದವನ್ನು ತೆಗೆಸಿ ನೋಡಿದೆ. ಪರೀಕ್ಷೆ ಸರಿಯಿದೆಯೇ ಎಂದು ತಿಳಿಯಲು ನಿಮ್ಮವರೇ ಪಕ್ಕದ ಸಾಲಿನಲ್ಲಿಟ್ಟ ಶುದ್ಧ ಲೈಸೀನ್ ಹನಿಯ ಕಲೆ ಕೂಡ ನಾಪತ್ತೆ!

"ಇದೂ ಖಾಲಿ ಇದೆಯಲ್ಲಪ್ಪಾ?" ಎಂದೆ.

"ನಾವು ಪೇಷೆಂಟ್ ಸಾಲು ಮಾತ್ರ ನೋಡೋದು ಮೇಡಂ, ಅದನ್ನ ಯಾರು ನೋಡ್ತಾರೆ?" ಎಂದ ನಿಮ್ಮ ತಂತ್ರಜ್ಞ.

ಅವನಿಗೆ ನೋಡಲು ಯಾರೂ ಕಲಿಸಿಲ್ಲ. ಆದರೆ ಕೆಳಗೆ ಸಹಿ ಹಾಕಿದವರು ನೀವು. ಆಗ ನಿಮ್ಮ ಕಣ್ಣನ್ನು ಎಲ್ಲಿ ಅಡವಿಟ್ಟಿದ್ದಿರಿ?

ಅದೇ ಕಾಗದದಲ್ಲಿ ಚೂಟಿಯ ಪಕ್ಕ ಬೇರೆ ಮಕ್ಕಳ ಸಾಲುಗಳೂ ಇದ್ದವು. ಎಲ್ಲರಿಗೂ 'ದೋಷವಿಲ್ಲ' ಎಂದೇ ಬರೆದು ಕಳಿಸಿದ್ದೀರಿ. ನಿಮ್ಮ ವಿಷಾದ ನನಗೆ ಬೇಡ. ಆ ಮಕ್ಕಳನ್ನು ಇವತ್ತೇ ಕರೆಸಿ, ಮತ್ತೆ ಪರೀಕ್ಷಿಸಿ. ಅವರಲ್ಲಿ ಯಾರೋ ಈಗ ಹೊಟ್ಟೆ ಹಿಡಿದುಕೊಂಡು ಕೂತಿರಬಹುದು. ನಿಮ್ಮ ಸಹಿಯನ್ನು ನಂಬಿದ ಮನೆಯವರು ಆ ಮಗುವನ್ನು ಗದರುತ್ತಿರಬಹುದು.

ಇಂತಿ,
ಉಳಿದಿರುವ ಒಂದೇ ಮೂತ್ರಪಿಂಡವನ್ನು ಕಾಯುತ್ತಿರುವ
ಚೂಟಿಯ ದೊಡ್ಡಮ್ಮ