ಕವಿಯ ಮಗನ ಮನೆತನ

ಗಾಲ್ವೇ,
೧೯ ನವೆಂಬರ್ ೧೯೯೪

ಪ್ರೀತಿಯ ಮುರಿನ್,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಎಷ್ಟು ಬೈದರೂ ಸರಿಯೇ. ಹೇಗಿದ್ದೀಯ? ಮಗು ಈಗಲೂ ನಿದ್ದೆಗೆಡುವಷ್ಟು ಒದೆಯುತ್ತಿದೆಯೇ?

ಹುಟ್ಟುವ ಕೂಸಿಗೆ ಗಂಡನ ಮನೆತನದ ಹೆಸರಿಡಲೋ, ನಮ್ಮ ‘ವಾರ್ಡ್’ ಇಡಲೋ, ಅದರ ಅರ್ಥವಾದರೂ ಏನು ಎಂದು ಕೇಳಿದ್ದೀಯ. ನಮ್ಮ ಹಳೆಯ ಐರಿಷ್ ಭಾಷೆಯಲ್ಲಿ ಅದು ‘ಮಾಕ್ ಅನ್ ವಾರ್ಡ್’, ಅಂದರೆ ಕವಿಯ ಮಗ. ಇಂಗ್ಲಿಷರ ಗುಮಾಸ್ತರು ಕತ್ತರಿಸಿ ಬಿಟ್ಟ ಬಾಲವಷ್ಟೇ ನಮಗೆ ಉಳಿದದ್ದು. ನಮ್ಮವರು ದೊರೆಗಳ ಪಕ್ಕದಲ್ಲಿ ಕೂತು ಉಂಡವರು. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಅಟ್ಟಿದ ದೊರೆಯ ಮೇಲೆ ಅವರೊಂದು ಪದ್ಯ ಕಟ್ಟಿದರೆ, ಅವನ ಮುಖದ ತುಂಬ ಬೊಕ್ಕೆ ಏಳುತ್ತಿದ್ದವಂತೆ. ಈಗ ಅದೇ ಹೆಸರು ಹೊತ್ತ ಅಲೆಮಾರಿಗಳನ್ನು ಕಂಡರೆ ಮನೆಮಠ ಇರುವ ವಾರ್ಡ್‌ಗಳು ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ. ಇದರ ವಿರುದ್ಧ ಪತ್ರಿಕೆಗೆ ನಾನು ಬರೆದದ್ದನ್ನೆಲ್ಲ ಓದಿ ನಿನ್ನಮ್ಮ, “ಕಾಗದದ ಮೇಲೆ ನೀನು ಹುಲಿ ಕಣೋ ಫಿಂಟನ್” ಎಂದು ನಗುತ್ತಿದ್ದಳು.

ಅವಳು ತೀರಿಕೊಂಡು ತಿಂಗಳಾದದ್ದಕ್ಕೆ ಇಗರ್ಜಿಯಲ್ಲಿ ಇಟ್ಟ ಬಲಿಪೂಜೆ ಚೆನ್ನಾಗಿ ನಡೆಯಿತು. ಅಲೆಮಾರಿಗಳ ಗಾಡಿಮನೆಯ ವಿನ್ನೀ ವಾರ್ಡ್ ನೆನಪಿದ್ದಾಳಲ್ಲ, ಕೊನೆಯ ದಿನಗಳಲ್ಲಿ ಅಮ್ಮನ ತಲೆ ಬಾಚಲು ಬರುತ್ತಿದ್ದವಳು? ಅಮ್ಮ ನೆನಪಿಗೆಂದು ಕೊಟ್ಟ ಆಮೆಚಿಪ್ಪಿನ ಬಾಚಣಿಗೆಯನ್ನು ಮುಡಿಗೆ ಸಿಕ್ಕಿಸಿಕೊಂಡು ಇಗರ್ಜಿಗೆ ಬಂದಿದ್ದಳು. “ಊಟಕ್ಕೆ ಬಾರಮ್ಮ” ಎಂದು ನಾನೇ ಕರೆದೆ. ಊಟ ಪೇಟೆಯ ಹೋಟೆಲಿನಲ್ಲಿ. ಮೇಜು ಕಾದಿರಿಸಲು ಫೋನು ಮಾಡಿದಾಗ, ವಾರ್ಡ್ ಎಂಬ ಹೆಸರು ಕೇಳಿದೊಡನೆ ಅಲ್ಲಿನ ಹುಡುಗಿ “ಆವತ್ತು ಭರ್ತಿ ಸಾರ್” ಎಂದಿದ್ದಳು. ಆಮೇಲೆ ಜಾಗ ಸಿಕ್ಕಿತು. ಕುರಿಮಾಂಸ ಹದವಾಗಿ ಬೆಂದಿತ್ತು.

ಭಾರ ಎತ್ತಬೇಡ. ಹೆರಿಗೆ ಸುಸೂತ್ರವಾಗಲಿ, ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಪ್ಪ,
ಫಿಂಟನ್

ಮತ್ತೆ: ಜಾಗ ಹೇಗೆ ಸಿಕ್ಕಿತೆಂದು ಬರೆಯಲಿಲ್ಲ. “ನಾವು ಆ ವಾರ್ಡ್‌ಗಳಲ್ಲಮ್ಮ, ನಾನು ಶಾಲೆಯ ಮೇಷ್ಟ್ರು” ಎಂದಿದ್ದೆ.

ವಿನ್ನೀಯನ್ನು ಮ್ಯಾನೇಜರ್ ಬಾಗಿಲಲ್ಲೇ ತಡೆದ. “ಈಯಮ್ಮ ನಿಮ್ ಪೈಕೀನಾ ಸಾರ್? ಅವರು ಬೇರೆ, ನಾವು ಬೇರೆ ಅಂದಿದ್ರಂತೆ?”

ನಾನು ಕೋಟಿನ ಗುಂಡಿ ಬಿಚ್ಚುತ್ತ ನಿಂತೆ. ವಿನ್ನೀ ಒಮ್ಮೆ ನನ್ನ ಮುಖ ನೋಡಿದಳು.

“ಏ ಮಾರಾಯ, ಮೇಷ್ಟ್ರ ಪೈಕಿ ಆಗೋಕೆ ನಾನೇನು ಪುಸ್ತಕ ಓದಿದೀನಾ? ಅಮ್ಮಾವ್ರ ಬಾಚಣಿಗೆ ನನ್ನತ್ರ ಉಳ್ಕಂಡಿತ್ತು, ಕೊಟ್ಟು ಹೋಗಣ ಅಂತ ಬಂದೆ” ಎಂದು ನಕ್ಕಳು. ಮುಡಿಯಿಂದ ಅದನ್ನು ತೆಗೆದು ನನ್ನ ಕೈಗಿಟ್ಟಳು. ಕೂದಲು ಭುಜದ ಮೇಲೆ ಬಿಚ್ಚಿ ಬಿತ್ತು. ಹಾಗೇ ಹೊರಟುಹೋದಳು.

ನಾನು ಒಳಗೆ ಹೋಗಿ ಊಟ ಮಾಡಿದೆ, ಮಗಳೇ. ಮುಖದ ಮೇಲೆ ಒಂದು ಬೊಕ್ಕೆಯೂ ಏಳಲಿಲ್ಲ. ಕೂಸಿಗೆ ಆ ಹೆಸರು ಬೇಕೆನಿಸಿದರೆ ವಿನ್ನೀಯನ್ನು ಕೇಳು.