ಗೋಡೆಯ ಮೇಲಿನ ಕೀಲಿಕೈ

ಸಯನ್, ಮುಂಬಯಿ
18 ನವೆಂಬರ್ 2024

ನನ್ನ ಗುರುಬಾಯಿ ಕಾಕುಗೆ ಸೋನಾಲಿಯ ನಮಸ್ಕಾರ.

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದೆ ಇದ್ದದ್ದೇ ಒಳ್ಳೆಯದಾಯಿತೇನೋ. ಫೋನಿನಲ್ಲಾದರೆ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಏನೇನೋ ಹೇಳಿ, ಅತ್ತು, ತಪ್ಪಿಸಿಕೊಂಡುಬಿಡುತ್ತಿದ್ದೆ. ನಾಲಾಸೋಪಾರಾದಲ್ಲಿರುವ ನಿನ್ನ ತಮ್ಮ ಶ್ರೀಶೈಲ ಮಾಮನ ವಿಳಾಸವನ್ನು ಅಪ್ಪನ ಡೈರಿಯಿಂದ ಬರೆದುಕೊಂಡೆ. ನನ್ನ ಕನ್ನಡ ಅಕ್ಷರಗಳು ಸೊಟ್ಟಗಿವೆ, ಮಾಮನಿಂದ ನಿಧಾನ ಓದಿಸಿಕೋ. ನಿನಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ. ಮೊದಲಿನಿಂದ ಬರೆಯದಿದ್ದರೆ ಅಂಜಿ ನಡುವೆಯೇ ನಿಲ್ಲಿಸಿಬಿಡುತ್ತೇನೆ.

ಅವ್ವ ನರ್ಸಿಂಗ್ ಹೋಮಿನ ಡ್ಯೂಟಿಗೆ ಹೋದಾಗೆಲ್ಲ ನಾನು ಶಾಲೆಯಿಂದ ನೇರ ಬರುತ್ತಿದ್ದದ್ದು ನಮ್ಮ ಚಾಳಿನ ಮೆಟ್ಟಿಲ ಕೆಳಗಿನ ನಿನ್ನ ಖೋಲಿಗೆ. ನೀನು ಇಂಡಿ, ಸಿಂದಗಿ ಕಡೆಯ ಗೌಂಡಿಗಳಿಗೆ ರೊಟ್ಟಿ ಬಡಿಯುತ್ತಿದ್ದೆ. ನಾನು ಇದ್ದಿಲು ಹಿಡಿದು ನೆಲದ ಮೇಲೆ ಅವರ ಮುಖ ಬಿಡಿಸುತ್ತಿದ್ದೆ. ಅವ್ವ ಬಂದು ಬೈದು ಒರೆಸಲು ಹೋದರೆ ನೀನು, “ಇರ್ಲಿ ಬಿಡ ಮಹಾದೇವಿ, ನಾಳಿ ನಾನ ಸಾರಿಸ್ತೀನಿ, ಇವತ್ತೊಂದಿನ ನೋಡೂಣು” ಅನ್ನುತ್ತಿದ್ದೆ. ನನ್ನ ಚಿತ್ರ ನೋಡಬೇಕು ಅಂದವರಲ್ಲಿ ನೀನೇ ಮೊದಲು.

ಚಾಳು ಕೆಡವಿ ಹೊಸದು ಕಟ್ಟಲು ಬಿಲ್ಡರ್ ಬಂದಾಗ ಬಾಡಿಗೆ ರಸೀದಿ ಇದ್ದವರಿಗೆಲ್ಲ ಹೊಸ ಕಟ್ಟಡದಲ್ಲಿ ಫ್ಲ್ಯಾಟ್ ಅಂದರು. ಮೂವತ್ತೊಂದು ವರ್ಷ ಇದ್ದರೂ ನಿನ್ನ ಹೆಸರಿನಲ್ಲಿ ರಸೀದಿ ಇರಲಿಲ್ಲ. ಟೆರೇಸಿನ ಮೀಟಿಂಗಿನಲ್ಲಿ ಅಪ್ಪ ಎದ್ದು ನಿಂತು, “ಗುರುಬಾಯಿ ಹೆಸರಿಲ್ಲದ ಕರಾರಿಗೆ ಯಾರೂ ಸಹಿ ಮಾಡಬ್ಯಾಡ್ರಿ. ಆಕಿ ಕೈಯಾಗಿನ ರೊಟ್ಟಿ ತಿನ್ನಲಾರದವರು ಈ ಚಾಳಿನ್ಯಾಗ ಯಾರದೀರಿ?” ಅಂತ ಕೇಳಿದ್ದು ನಿನಗೆ ನೆನಪಿರಬೇಕು. ಸಹಿ ಮಾಡುವುದಿಲ್ಲ ಅಂತ ಹದಿನೆಂಟು ಮನೆಯವರೂ ಕೈ ಎತ್ತಿದ್ದರು. ಮರಾಠಿ ಮನೆಗಳವರೂ ಎತ್ತಿದರು. ಎಂಟು ತಿಂಗಳು ಯಾರೂ ಆ ಮಾತು ಮುರಿಯಲಿಲ್ಲ.

ಆಮೇಲೆ ಬಿಲ್ಡರ್ ಆಫೀಸಿನ ಮಾಧುರಿ ಬಂದಳು. ಹಿಟ್ಟಿನ ಗಿರಣಿ ಇದ್ದ ಜಾಗದಲ್ಲಿ ಈಗ ಕಾಫಿ ಅಂಗಡಿ ಆಗಿದೆಯಲ್ಲ, ಅಲ್ಲಿ ತೂಗುಹಾಕಿದ್ದ ನನ್ನ ಚಿತ್ರ ನೋಡಿದ್ದಳಂತೆ. ರಸ್ತೆ ಬದಿಯ ಉದ್ದ ಗೋಡೆಯ ಮೇಲೆ ಚಾಳಿನವರ ಮುಖಗಳನ್ನು ಬಿಡಿಸು ಅಂದಳು. ಕೆಲಸ ಮುಗಿದ ಮೇಲೆ ಹೊಸ ಕಟ್ಟಡದ ಕೆಳಗೆ ದೊಡ್ಡ ಕಿಟಕಿಯ ಒಂದು ಕೋಣೆ ನನ್ನ ಸ್ಟುಡಿಯೋಕ್ಕೆ ಅಂತಲೂ ಹೇಳಿದಳು. ಕಾಕು, ಆರು ವರ್ಷದಿಂದ ಅಂಧೇರಿಯಲ್ಲಿ ಸಿನಿಮಾ ಸೆಟ್ಟಿಗೆ ಅರಮನೆಯ ಗೋಡೆ ಬಿಡಿಸುತ್ತಿದ್ದೇನೆ. ನಮ್ಮ ಖೋಲಿಯಲ್ಲಿ ನನ್ನ ಚಿತ್ರ ಹಾಸಿದರೆ ಊಟಕ್ಕೆ ಕೂರಲು ಜಾಗವಿಲ್ಲ. ಬಣ್ಣ ಇನ್ನೂ ಹಸಿಯಿದ್ದ ಚಿತ್ರಗಳನ್ನೇ ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದೇನೆ. ಕಿಟಕಿ ಅಂದ ಕೂಡಲೇ ನನಗೆ ಬೇರೇನೂ ಕೇಳಿಸಲಿಲ್ಲ.

ನೀನು ಎರಡು ಮಧ್ಯಾಹ್ನ ನನಗಾಗಿ ಕೂತೆ. “ನನ್ನ ಮಾರ್ಯಾಗ ಏನೈತಿ? ಕೈ ತಗಿ, ಕೈ,” ಅಂದೆ. ಅದಕ್ಕೇ ನಿನ್ನ ಕೈಗಳನ್ನು ದೊಡ್ಡದಾಗಿ ಬಿಡಿಸಿದೆ. ಒಂದರಲ್ಲಿ ರೊಟ್ಟಿ. ಕೊನೆಯ ವಾರ ಮಾಧುರಿ ಬಂದು, ಇನ್ನೊಂದು ಕೈ ಖಾಲಿ ಕಾಣುತ್ತದೆ, ಅದರಲ್ಲಿ ಹೊಸ ಮನೆಯ ಕೀಲಿಕೈ ಇಡು ಅಂದಳು. ಇಟ್ಟೆ. ಹಳದಿ ಬಣ್ಣದಲ್ಲಿ, ದೂರದಿಂದಲೂ ಕಾಣುವಷ್ಟು ದೊಡ್ಡದು. ಆಗ ನನಗೆ ಅದು ಬರೀ ಚಿತ್ರದ ಮಾತಾಗಿತ್ತು. ಜನ ಅದನ್ನು ಹೇಗೆ ಓದಿಯಾರು ಅನ್ನುವುದು ಹೊಳೆಯಲೇ ಇಲ್ಲ.

ಗುರುಬಾಯಿಗೆ ಒಳಗಿಂದೊಳಗೆ ಮನೆ ಸಿಕ್ಕಿದೆ, ನಮಗೆ ಹೇಳಿಲ್ಲ ಅಂತ ಮಾತು ಹುಟ್ಟಿತು. ಇನ್ನು ತಡೆಯುವುದು ಯಾಕೆ ಅಂತ ಮೊದಲು ನಮ್ಮ ಚಾಳಿನ ಈಶ್ವರ ಕಾಕಾ ಸಹಿ ಮಾಡಿದರು, ಮರುದಿನ ಮರಾಠಿ ಮನೆಯ ಶುಭಾಂಗಿಬಾಯಿ. ಒಂಬತ್ತು ದಿನದಲ್ಲಿ ಹದಿನೇಳು ಮನೆ. ಅಪ್ಪ ಓಡಿ ಬಂದು ನಿನ್ನನ್ನು ಕೇಳುವಷ್ಟರಲ್ಲಿ ಅವನೊಬ್ಬನೇ ಉಳಿದಿದ್ದ. “ನನಗ ಯಾರೂ ಏನೂ ಕೊಟ್ಟಿಲ್ಲಪ್ಪಾ ಯಲ್ಲಾಲಿಂಗ” ಅಂದೆಯಂತೆ. ಒಬ್ಬನೇ ತಡೆದು ನಿಲ್ಲಲಾರದೆ ಕಡೆಗೆ ಅಪ್ಪನೂ ಸಹಿ ಮಾಡಿದ. ಅವತ್ತು ಅವನು ಊಟ ಮಾಡಲಿಲ್ಲ.

ಇನ್ನಿಲ್ಲಿ ಜಾಗವಿಲ್ಲ ಅಂತ ನೀನು ಖೋಲಿ ಬಿಟ್ಟು ತಮ್ಮನ ಮನೆಗೆ ಹೊರಟಾಗ ನಾನು ಅಂಧೇರಿಯಲ್ಲಿದ್ದೆ. ಶುಭಾಂಗಿಬಾಯಿ ಹೇಳಿದರು: ಚೀಲ ಹಿಡಿದು ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆಯಂತೆ. ಪೊರೆ ಬಂದ ಕಣ್ಣಿಗೆ ಸರಿಯಾಗಿ ಕಾಣದೆ, “ನನ್ನ ಕೈಯಾಗ ಅದೇನೈತ್ರೀ ಬಾಯಿ, ಹಳದೀದು?” ಅಂತ ಅವರನ್ನೇ ಕೇಳಿದೆಯಂತೆ. ಅವರು ಹೇಳಿದ ಮೇಲೆ ಸ್ಟೇಷನ್ ಕಡೆ ನಡೆದೆಯಂತೆ.

ಮರುದಿನ ಬೆಳಿಗ್ಗೆ ಏಣಿ ಹಾಕಿ ಆ ಕೀಲಿಕೈ ಅಳಿಸಿದೆ. ಅಂಗೈಯನ್ನು ಖಾಲಿಯಾಗಿ ಬಿಡಿಸಿ, ಕೆಳಗೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದೆ: ‘ಇವರು ಗುರುಬಾಯಿ. ಮೂವತ್ತೊಂದು ವರ್ಷ ಇಲ್ಲಿದ್ದರು. ಇವರಿಗೆ ಮನೆ ಕೊಟ್ಟಿಲ್ಲ.’ ಮಧ್ಯಾಹ್ನದೊಳಗೆ ಬಿಲ್ಡರ್ ಕಡೆಯವರು ಗೋಡೆಗೆ ಸುಣ್ಣ ಬಳಿಸಿದರು. ಮಾಧುರಿ ಫೋನಿನಲ್ಲಿ ಸಿಟ್ಟಾಗಲಿಲ್ಲ. ಸ್ಟುಡಿಯೋದ ಮಾತು ಇನ್ನು ಮರೆತುಬಿಡು ಅಂದಳು, ಅಷ್ಟೆ. ಆದರೆ ಅಷ್ಟರಲ್ಲಿ ಚಾಳಿನವರೆಲ್ಲ ಓದಿ ಆಗಿತ್ತು. ಶುಭಾಂಗಿಬಾಯಿ ಮೆಟ್ಟಿಲ ಮೇಲೆ ಕೂತು ಅತ್ತರು.

ಈಗ ನಾನು ಬರೆಯುತ್ತಿರುವುದು ಇದಕ್ಕೆ. ಕರಾರು ಇನ್ನೂ ರಜಿಸ್ಟರ್ ಆಗಿಲ್ಲ. ಅಪ್ಪ ಮತ್ತೆ ಮನೆಮನೆ ತಿರುಗಿ, ತಪ್ಪು ತಿಳಿದು ಸಹಿ ಮಾಡಿದೆವು, ಗುರುಬಾಯಿಗೂ ಜಾಗ ಬೇಕು ಅಂತ ಎಲ್ಲರಿಂದ ಹೇಳಿಕೆ ಬರೆಸಿದ್ದಾನೆ. ಈಶ್ವರ ಕಾಕಾ ಮಾತ್ರ ಕೊಟ್ಟಿಲ್ಲ. ಯಾಕೆಂದು ಹೇಳುವುದೂ ಇಲ್ಲ. ನಿನ್ನ ಸಹಿ, ಈ ವಿಳಾಸ ಇರುವ ನಿನ್ನ ಹಳೆಯ ರೇಷನ್ ಕಾರ್ಡು, ಎರಡೂ ಬೇಕೇ ಬೇಕು ಅಂತ ವಕೀಲರು ಹೇಳಿದ್ದಾರೆ. ಮನೆ ಸಿಕ್ಕೇ ಸಿಗುತ್ತದೆ ಅಂತ ಅವರು ಹೇಳಿಲ್ಲ, ನಾನೂ ಹೇಳಲಾರೆ. ಕರಾರು ರಜಿಸ್ಟರ್ ಆಗುವ ಮುಂಚೆ, 28ನೇ ತಾರೀಖು ಗುರುವಾರದೊಳಗೆ ಬಾ. ನನ್ನ ಮುಖ ನೋಡುವುದು ಬೇಡವಾದರೆ ಕೆಳಗಿನಿಂದಲೇ ಅಪ್ಪನನ್ನು ಕೂಗು. ನಾನು ಅಂಧೇರಿಗೆ ಹೋಗಿರುತ್ತೇನೆ.

ಕಣ್ಣಿನ ಔಷಧಿ ಬಿಡಬೇಡ.

ನಿನ್ನ ಖೋಲಿಯಲ್ಲೇ ಬೆಳೆದ
ಸೋನಾಲಿ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಹೊಳೆಯಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ನಾನು ಕೀಲಿಕೈಗೆ ಬಣ್ಣ ತುಂಬುತ್ತಿದ್ದಾಗ ಈಶ್ವರ ಕಾಕಾ ಕೆಳಗೆ ನಿಂತು, “ಏನ ಸೋನಾಲಿ, ಗುರುಬಾಯಿಗೂ ಮನಿ ಸಿಕ್ತೇನ?” ಅಂತ ಸಂತೋಷದಿಂದ ಕೇಳಿದರು. ನಾನು ಏಣಿಯ ಮೇಲಿಂದ ಹೂಂ ಅಂತ ತಲೆ ಆಡಿಸಿದೆ. ಅವರು ಇವತ್ತಿನವರೆಗೂ ಅದರ ಬಗ್ಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಹೇಳಿಕೆ ಕೊಟ್ಟರೆ ನನ್ನ ಹೆಸರು ಬರುತ್ತದೆ ಅಂತಲೇ ಕೊಟ್ಟಿಲ್ಲವೇನೋ. ನಿನ್ನೆ ನನ್ನ ಹೇಳಿಕೆಯಲ್ಲಿ ಅದನ್ನು ನಾನೇ ಬರೆದು ಸಹಿ ಮಾಡಿದೆ. ಅಪ್ಪ ಓದಿ, ಉಳಿದವರ ಹೇಳಿಕೆಗಳ ಜೊತೆ ಸೇರಿಸಿ ಇಟ್ಟ. ಆಮೇಲೆ ನನ್ನ ಸಂಗಡ ಮಾತಾಡಿಲ್ಲ.