ಗುಮ್ಮಟದ ಒಳಮೈ

ಮಾನ್ಯ ಡ್ರಾಯಿಂಗ್ ಮೇಷ್ಟ್ರೇ,

ನಿಮ್ಮ ವಿಳಾಸ ನನ್ನಲ್ಲಿಲ್ಲ. ಆದರೂ ಇಂದಿನ ವರದಿಯನ್ನು ನಿಮಗಲ್ಲದೆ ಇನ್ನಾರಿಗೂ ಬರೆಯುವಂತಿಲ್ಲ.

ಒಂಬತ್ತು ದಿನಗಳಲ್ಲಿ ಐದು ಪುರಾತನ ನಗರಗಳನ್ನು ನೋಡುವ ಪ್ರವಾಸದಲ್ಲಿ ಇಂದು ನಾಲ್ಕನೆಯದಕ್ಕೆ ಬಂದೆವು. ಈವರೆಗೆ ಕಂಡ ಕೋಟೆಗಳೆಲ್ಲವೂ ಇಲ್ಲಿನ ದರ್ಬಾರು ಸಭಾಂಗಣದ ಗುಮ್ಮಟದ ಮುಂದೆ ಸಪ್ಪೆ. ಅದರ ಒಳಮೈ ತುಂಬ ನೀಲಿ ಹೂಬಳ್ಳಿ. ಕತ್ತೆತ್ತಿ ನೋಡಿದವರಿಗೆಲ್ಲ ಕುತ್ತಿಗೆ ಹಿಡಿದುಕೊಂಡಿತು. ನಾನು ನೆರಿಗೆ ಸರಿಪಡಿಸಿಕೊಂಡು ನೆಲದ ಮೇಲೆ ಅಂಗಾತ ಮಲಗಿದೆ.

“ಅಯ್ಯೋ, ಅತ್ತೆಗೆ ತಲೆ ಸುತ್ತಿತು, ಯಾರಾದ್ರೂ ನೀರು ತನ್ನಿ!” ಎಂದು ಸೊಸೆ ಕೂಗಿದಳು.

“ನನ್ನ ತಲೆ ನೆಟ್ಟಗಿದೆ. ನೀನೂ ಮಲಗು.”

ಮಲಗಿದಳು. ಬಳ್ಳಿಯೆಲ್ಲ ಒಂದೇ ಮೊಗ್ಗಿನಿಂದ ಹೊರಟು ಇಡೀ ಗುಮ್ಮಟವನ್ನು ತಬ್ಬಿರುವುದು ಆಗ ಕಂಡಿತು. ಎಂಥ ಕೈಗಳು ಬರೆದವೋ!

“ಹೀಗೆ ನೋಡೋದನ್ನ ಯಾರು ಹೇಳ್ಕೊಟ್ರು ಅತ್ತೆ?”

“ನಾನು ಟೀಚರಾಗಿದ್ದಾಗ ಜೊತೆಗಿದ್ದ ಡ್ರಾಯಿಂಗ್ ಮೇಷ್ಟ್ರು. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನೆಲ್ಲ ಹೀಗೇ ಮಲಗಿಸಿದ್ದರು.”

“ಆಮೇಲೆ?”

“ಮಕ್ಕಳು ಏಳಲೇ ಒಲ್ಲೆವೆಂದರು.”

ಅದು ಅಶಿಸ್ತೆಂದು ಮರುದಿನ ದೂರು ಬರೆದು, ನಿಮ್ಮ ಕೆಲಸ ಹೋಗುವಂತೆ ಮಾಡಿದವಳು ನಾನೆಂದು ಹೇಳಲು ನಾಲಿಗೆ ಹೊರಳಲಿಲ್ಲ.

“ಅವರನ್ನ ಕಂಡ್ರೆ ನಿಮಗೆ ಎಷ್ಟು ಗೌರವ!” ಎಂದಳು ಸೊಸೆ.

ಹೌದೆಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.